ಓದುಗರ ಪ್ರಶ್ನೆಗಳು: ಮಿತ ಹಣದಲ್ಲಿ ಉಂಗುರಕ್ಕೊಂದು ಪಚ್ಚೆ

ಪ್ರಶ್ನೆ: ಉಂಗುರಕ್ಕೆ ಪಚ್ಚೆ ಬೇಕು, ಕೈಯಲ್ಲಿರುವ ಹಣ ಅಷ್ಟಕ್ಕಷ್ಟೆ. ಒಂದೇ ಬೆಲೆಗೆ ಎರಡು ಹರಳು ತೋರಿಸಿದ್ದಾರೆ. ಒಂದು 8×6 ಮಿ.ಮೀ., ತಿಳಿ ಹಸಿರು, ಒಳಗೆ ನೀರಿನಷ್ಟು ಶುಭ್ರ. ಇನ್ನೊಂದು 6×4 ಮಿ.ಮೀ., ತುಂಬು ಹಸಿರು, ಒಳಗೆ ಸ್ವಲ್ಪ ಎಳೆಗಳಿವೆ. ಮನಸ್ಸು ದೊಡ್ಡದರ ಕಡೆಗೇ ವಾಲುತ್ತಿದೆ. ಸರಿಯೇ?

ಉತ್ತರ: ಎಳೆಗಳು ಮೂಲೆಗಳನ್ನು ಮುಟ್ಟಿಲ್ಲವಾದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಪಚ್ಚೆಗೆ ಬೆಲೆ ತರುವುದು ಬಣ್ಣ. ‘ಶುಭ್ರತೆ ಮೊದಲು’ ಎಂಬ ವಜ್ರದ ಲೆಕ್ಕವನ್ನು ಇಲ್ಲಿ ಹಾಕಿದರೆ ಮೋಸ ಹೋಗುವುದು ನಿಮ್ಮ ಕಣ್ಣೇ. ಬೆರಿಲ್ ಎಂಬ ಖನಿಜದಲ್ಲಿ ಕ್ರೋಮಿಯಂ ಅಥವಾ ವನೇಡಿಯಂ ಸೇರಿ ಹಸಿರೇರಿದರೆ ಅದು ಪಚ್ಚೆ. ಬರೀ ಕಬ್ಬಿಣದಿಂದ ತೆಳು ಹಸಿರು ಬಂದಿದ್ದರೆ ಅದನ್ನು ಹಸಿರು ಬೆರಿಲ್ ಎನ್ನುತ್ತಾರೆ, ಅದರ ಬೆಲೆಯೂ ಬಹಳ ಕೆಳಗೆ. ದೊಡ್ಡದು, ತಿಳಿಯದು, ಶುಭ್ರವಾದದ್ದು, ಅದರ ಮೇಲೆ ಅಗ್ಗ ಎಂದರೆ ಮೊದಲು ಈ ಅನುಮಾನ ಬರಬೇಕು.

ನೋಡುವ ಕ್ರಮವೂ ಮುಖ್ಯ. ಅಂಗಡಿಯ ದೀಪದ ಕೆಳಗೆ ಎಲ್ಲ ಹರಳೂ ಚೆಂದವೇ. ಹರಳನ್ನು ಬಿಳಿ ಕಾಗದದ ಮೇಲಿಟ್ಟು ಕಿಟಕಿಯ ಬಳಿಗೆ ಒಯ್ಯಿರಿ. ನೇರ ಬಿಸಿಲು ಬೇಡ. ಆಮೇಲೆ ಹಳದಿ ದೀಪದಲ್ಲಿ ನೋಡಿ, ಕೊನೆಗೆ ಬೆರಳ ಮೇಲಿಟ್ಟು ತೋಳಳತೆಯ ದೂರದಿಂದ ನೋಡಿ. ಉಂಗುರವನ್ನು ಉಳಿದವರು ನೋಡುವುದು ಆ ದೂರದಿಂದಲೇ. ಹಸಿರಿನಲ್ಲಿ ಕೊಂಚ ನೀಲಿ ಛಾಯೆ ಇದ್ದರೆ ತೊಂದರೆಯಿಲ್ಲ, ಹಲವರು ಅದನ್ನೇ ಮೆಚ್ಚುತ್ತಾರೆ. ಹಳದಿ ಹೆಚ್ಚಾದರೆ, ಬೂದಿ ಬಣ್ಣ ಬೆರೆತರೆ ಬೆಲೆ ಇಳಿಯುತ್ತದೆ. ಕಪ್ಪಿಗೆ ತಿರುಗುವಷ್ಟು ಗಾಢವಾದದ್ದನ್ನೂ ಬಿಡಿ. ಅಂಗಡಿಯ ಮೇಜಿನ ಮೇಲೆ ಅದು ಗಂಭೀರವಾಗಿ ಕಂಡರೂ ಸಂಜೆಯ ಬೆಳಕಿನಲ್ಲಿ ಇದ್ದಿಲು ಚೂರಿನಂತಿರುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ. ಹರಳನ್ನು ಅಚ್ಚಾದ ಅಕ್ಷರಗಳ ಮೇಲೆ ಮುಖ ಮೇಲಾಗಿ ಇಡಿ. ನಡುವಿನಿಂದ ಅಕ್ಷರ ಓದಲು ಬಂದರೆ ಹರಳಿನ ಹೊಟ್ಟೆಯನ್ನು, ಅಂದರೆ ಕೆಳಭಾಗವನ್ನು, ತೆಳ್ಳಗೆ ಸಾಣೆ ಹಿಡಿದಿದ್ದಾರೆ, ಬೆಳಕು ಮೇಲಕ್ಕೆ ಮರಳದೆ ಕೆಳಕ್ಕೆ ಸೋರುತ್ತಿದೆ ಎಂದರ್ಥ. ಉಂಗುರದಲ್ಲಿ ಕೂರಿಸಿದಾಗ ಆ ಜಾಗ ಬಣ್ಣಗೆಟ್ಟ ಕಿಟಕಿಯಂತೆ ಕಾಣುತ್ತದೆ.

ಪ್ರಶ್ನೆ: ಒಂದು ಕ್ಯಾರೆಟ್ ಪಚ್ಚೆ ಕೇಳಿದರೆ ಒಬ್ಬೊಬ್ಬರು ಒಂದೊಂದು ಗಾತ್ರದ್ದು ತೋರಿಸುತ್ತಾರೆ. ಯಾಕೆ?

ಉತ್ತರ: ಕ್ಯಾರೆಟ್ ಎನ್ನುವುದು ತೂಕ, 0.2 ಗ್ರಾಂ. ನಿಮ್ಮ ಕಣ್ಣಿಗೆ ಕಾಣುವುದು ಮುಖದ ಅಗಲ. ಎರಡರ ನಡುವೆ ಆಟವಾಡುವುದು ಹರಳಿನ ಆಳ. 7×5 ಮಿ.ಮೀ. ಮುಖದ ಎಂಟು ಮೂಲೆಯ ಪಚ್ಚೆ 3.3 ಮಿ.ಮೀ. ಆಳವಿದ್ದರೆ ಸುಮಾರು 0.8 ಕ್ಯಾರೆಟ್ ತೂಗುತ್ತದೆ. ಅದೇ ಮುಖಕ್ಕೆ 4.2 ಮಿ.ಮೀ. ಆಳವಿದ್ದರೆ ಒಂದು ಕ್ಯಾರೆಟ್. ಹೆಚ್ಚಿನ ತೂಕವೆಲ್ಲ ಹೊಟ್ಟೆಯಲ್ಲಿ, ನೀವು ಹಣ ಕೊಡುವುದು ಮಾತ್ರ ಒಂದು ಕ್ಯಾರೆಟ್‌ಗೆ. ಬಣ್ಣ ತೆಳುವಾಗಿದ್ದಾಗ ಆಳ ಉಳಿಸಿ ಸಾಣೆ ಹಿಡಿಯುವುದಕ್ಕೆ ಅರ್ಥವಿದೆ, ಬಣ್ಣ ಒಟ್ಟುಗೂಡುತ್ತದೆ. ಆದರೂ ಆಳವು ಅಗಲದ 60ರಿಂದ 70 ಶೇಕಡಾದೊಳಗೆ ಇದ್ದರೆ ಒಳ್ಳೆಯದು.

ಆದ್ದರಿಂದ ಅಂಗಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲೇ ಕೇಳಿ. ಅಂದ ಹಾಗೆ, ಒಂದು ಕ್ಯಾರೆಟ್ ಗೆರೆ ದಾಟಿದೊಡನೆ ಪ್ರತಿ ಕ್ಯಾರೆಟ್ಟಿನ ದರವೇ ಮೇಲೆ ಹೋಗುವುದುಂಟು. 0.92 ಮತ್ತು 1.02 ಕ್ಯಾರೆಟ್ಟಿನ ವ್ಯತ್ಯಾಸ ಬೆರಳಲ್ಲಿ ಯಾರಿಗೂ ಕಾಣದು, ಬಿಲ್ಲಿನಲ್ಲಿ ಕಾಣುತ್ತದೆ. ಪಚ್ಚೆ ವಜ್ರಕ್ಕಿಂತ ಹಗುರವಾದ ಹರಳು ಎಂಬುದೂ ನಿಮಗೆ ಅನುಕೂಲವೇ: ಅಷ್ಟೇ ತೂಕದ ಪಚ್ಚೆ ವಜ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಭೂತಗನ್ನಡಿಯಲ್ಲಿ ನೋಡಿದರೆ ಒಳಗೆಲ್ಲ ಪಾಚಿ ಕಟ್ಟಿದ ಹಾಗಿದೆ. ಇದು ಬಿರುಕೇ? ‘ಪಚ್ಚೆಯೆಂದರೆ ಹೀಗೇ ಇರುವುದು’ ಎನ್ನುತ್ತಾರೆ ಮಾರುವವರು.

ಉತ್ತರ: ಅವರು ಹೇಳಿದ್ದು ಅರ್ಧ ನಿಜ. ಒಳಗಿನ ಈ ಪಾಚಿ, ಎಳೆ, ಮೋಡಗಳಿಗೆ ಹರಳಿನ ವ್ಯಾಪಾರದಲ್ಲಿ ಫ್ರೆಂಚ್ ಭಾಷೆಯ ‘ಜಾರ್ಡಾನ್’ ಎಂಬ ಹೆಸರೇ ಇದೆ, ತೋಟ ಎಂದರ್ಥ. ಕೊಲಂಬಿಯಾದ ಪಚ್ಚೆಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಚಿಕ್ಕ ಗುಹೆಯೊಂದರೊಳಗೆ ದ್ರವ, ಅದರಲ್ಲೊಂದು ಗಾಳಿಗುಳ್ಳೆ, ಪಕ್ಕದಲ್ಲೇ ಉಪ್ಪಿನ ಚೌಕ ಹರಳು ಕಾಣುವುದುಂಟು. ಇಂಥ ದೋಷವಿದ್ದರೆ ಸಂತೋಷಪಡಬೇಕು, ನೆಲದಿಂದ ಬಂದದ್ದಕ್ಕೆ ಅದು ಸಾಕ್ಷಿ.

ಉಳಿದರ್ಧ ಅವರು ಹೇಳದೇ ಬಿಟ್ಟದ್ದು: ಒಳಗೇ ಮುಗಿಯುವ ಎಳೆ ಬೇರೆ, ಮೇಲ್ಮೈಗೆ ಬಂದು ತೆರೆದುಕೊಳ್ಳುವ ಸೀಳು ಬೇರೆ. ಪತ್ತೆ ಹಚ್ಚಲು 10 ಪಟ್ಟು ದೊಡ್ಡದಾಗಿಸುವ ಲೂಪ್ ಸಾಕು. ದೀಪದ ಪ್ರತಿಬಿಂಬ ಹರಳಿನ ಚಪ್ಪಟೆ ಮುಖದ ಮೇಲೆ ಬೀಳುವಂತೆ ಹಿಡಿದು ನಿಧಾನವಾಗಿ ವಾಲಿಸಿ. ಕನ್ನಡಿಯಂಥ ಆ ಹೊಳಪಿನಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಸೀಳು ಮೇಲಕ್ಕೆ ಬಂದಿದೆ. ಹೊಳಪು ಅಖಂಡವಾಗಿದ್ದು ಗೆರೆ ಕೆಳಗೆಲ್ಲೋ ತೇಲುತ್ತಿದ್ದರೆ ಅದು ಒಳಗಿನದು. ಪ್ರತಿಯೊಂದು ಮುಖಕ್ಕೂ ಹೀಗೆ ಮಾಡಿ. ಹಿಂಬದಿಯನ್ನು ಮರೆಯಬೇಡಿ.

ಮೇಲ್ಮೈ ಸೀಳು ಇದ್ದ ಮಾತ್ರಕ್ಕೆ ಹರಳು ಕೆಟ್ಟದ್ದಲ್ಲ, ಎಲ್ಲಿದೆ ಎಂಬುದು ಪ್ರಶ್ನೆ. ಹಿಂಬದಿಯಲ್ಲಿ ಚಿಕ್ಕದೊಂದು ಇದ್ದರೆ ಇರಲಿ. ಮೂಲೆಯನ್ನು ಕತ್ತರಿಸುವಂತೆ ಹಾದುಹೋಗಿದ್ದರೆ, ಮೇಲ್ಭಾಗವೂ ಹೊಟ್ಟೆಯೂ ಸೇರುವ ನಡುವಿನ ಅಂಚಿಗೆ ಸಮಾನಾಂತರವಾಗಿ ಓಡಿದ್ದರೆ, ಮುಖದ ಈ ತುದಿಯಿಂದ ಆ ತುದಿಗೆ ಹೋಗಿದ್ದರೆ ಬಿಟ್ಟುಬಿಡಿ. ಉಂಗುರದ ಹಿಡಿ ಒತ್ತುವುದು ಆ ಜಾಗಗಳಲ್ಲೇ, ಬಾಗಿಲಿಗೆ ತಾಗಿದಾಗ ಏಟು ಬೀಳುವುದೂ ಅಲ್ಲೇ.

ಪ್ರಶ್ನೆ: ಲ್ಯಾಬ್ ರಿಪೋರ್ಟಿನಲ್ಲಿ ‘ಮಾಡರೇಟ್ ಆಯಿಲ್’ (ಮಧ್ಯಮ ಪ್ರಮಾಣದ ಎಣ್ಣೆ) ಎಂದಿದೆ. ಎಣ್ಣೆ ಹಾಕಿದ ಹರಳು ಅಸಲಿಯಲ್ಲವೇ?

ಉತ್ತರ: ಅಸಲಿಯೇ. ಎಣ್ಣೆಯನ್ನೇ ಹಾಕದ ಪಚ್ಚೆ ಅಪರೂಪ, ಅಂಥದ್ದರ ಬೆಲೆ ನಿಮ್ಮ ಲೆಕ್ಕಕ್ಕೆ ಬರುವಂಥದ್ದಲ್ಲ. ಸೀಳಿನೊಳಗೆ ಗಾಳಿಯಿದ್ದರೆ ಬೆಳಕು ಅಲ್ಲಿ ತಟ್ಟಿ ಬೆಳ್ಳಗೆ ಹೊಳೆಯುತ್ತದೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಪಚ್ಚೆಗೆ ಸುಮಾರು 1.58, ಸೀಡರ್ ಮರದ ಎಣ್ಣೆಯದು ಸುಮಾರು 1.51. ಗಾಳಿಯ ಜಾಗಕ್ಕೆ ಈ ಎಣ್ಣೆ ಹೋದರೆ ಬೆಳಕು ಹೆಚ್ಚು ತಡೆಯಿಲ್ಲದೆ ದಾಟುತ್ತದೆ, ಸೀಳು ಕಣ್ಮರೆಯಾಗುತ್ತದೆ. ಕಣ್ಮರೆಯಾಗುತ್ತದೆ ಅಷ್ಟೇ, ವಾಸಿಯಾಗುವುದಿಲ್ಲ.

ಲ್ಯಾಬ್‌ಗಳು ಸಾಮಾನ್ಯವಾಗಿ ಮೈನರ್ (ಅಲ್ಪ), ಮಾಡರೇಟ್ (ಮಧ್ಯಮ), ಸಿಗ್ನಿಫಿಕೆಂಟ್ (ಗಣನೀಯ) ಎಂದು ದರ್ಜೆ ಕೊಡುತ್ತವೆ. ದಿನವೂ ಹಾಕುವ ಉಂಗುರಕ್ಕೆ ಮೈನರ್ ಒಳ್ಳೆಯದು. ಮಾಡರೇಟ್ ಆದರೂ ನಡೆಯುತ್ತದೆ, ಆದರೆ ಬೆಲೆಯಲ್ಲಿ ಅದು ಕಾಣಬೇಕು. ಸಿಗ್ನಿಫಿಕೆಂಟ್ ಎಂದಿದ್ದರೆ ಬಣ್ಣ ಎಷ್ಟೇ ಚೆಂದವಿರಲಿ, ಉಂಗುರಕ್ಕೆ ಬೇಡ. ಕಿವಿಯೋಲೆಗೋ ಪದಕಕ್ಕೋ ಆಗಬಹುದು. ಎಣ್ಣೆಯ ಬದಲು ರಾಳ ತುಂಬಿದ್ದರೆ ಅದು ಹೆಚ್ಚು ಕಾಲ ನಿಲ್ಲುತ್ತದೆ ನಿಜ. ಆದರೆ ಕೆಲವು ರಾಳಗಳು ವರ್ಷಗಳು ಕಳೆದಂತೆ ಹಳದಿಗಟ್ಟುತ್ತವೆ, ಗಟ್ಟಿಯಾದದ್ದನ್ನು ತೆಗೆಯುವುದು ಎಣ್ಣೆ ತೆಗೆದಷ್ಟು ಸುಲಭವಲ್ಲ. ಲೂಪಿನಲ್ಲಿ ವಾಲಿಸುವಾಗ ಸೀಳಿನ ಉದ್ದಕ್ಕೂ ನೀಲಿ ಅಥವಾ ಕಿತ್ತಳೆ ಮಿಂಚು ಹಾದುಹೋದರೆ ಅದು ರಾಳದ ಸುಳಿವು. ಸೀಳಿನ ಗೆರೆಗಳಲ್ಲೇ ಹಸಿರು ಮಡುಗಟ್ಟಿ, ನಡುವಿನ ಮೈ ತೆಳುವಾಗಿದ್ದರೆ ಬಣ್ಣದ ಎಣ್ಣೆ ಹಾಕಿದ್ದಾರೆ. ಅದನ್ನು ಮುಟ್ಟಲೇಬೇಡಿ. ಹರಳು ಸುತ್ತಿಟ್ಟ ಕಾಗದವನ್ನೂ ಒಮ್ಮೆ ಬಿಡಿಸಿ ನೋಡಿ. ವಡೆ ಇಟ್ಟ ಕಾಗದದಂತೆ ಎಣ್ಣೆಯ ಕಲೆ ಇದ್ದರೆ ಮೊನ್ನೆಮೊನ್ನೆ ಎಣ್ಣೆ ಕುಡಿಸಿದ್ದಾರೆ.

ರಿಪೋರ್ಟಿನ ತೂಕ ಮತ್ತು ಮಿಲಿಮೀಟರ್ ಅಳತೆ ನಿಮ್ಮ ಮುಂದಿರುವ ಹರಳಿಗೆ ಹೊಂದುತ್ತದೆಯೇ ನೋಡಿ. ರಿಪೋರ್ಟ್ ಸಂಖ್ಯೆಯನ್ನು ಆ ಲ್ಯಾಬಿನ ಜಾಲತಾಣದಲ್ಲೇ ಹುಡುಕಿ. ಹರಳು ಎಲ್ಲಿಯದು ಎಂದು ಹೇಳುವ ರಿಪೋರ್ಟಿಗೆ ಚಿಕ್ಕ ಹರಳಿನಲ್ಲಿ ಹಣ ಸುರಿಯಬೇಡಿ. ಕೊಲಂಬಿಯಾದ ಮೂಸೊ ಗಣಿಯ ಹೆಸರಿಗೇ ಒಂದು ಬೆಲೆಯಿದೆ, ಬೆರಳಿಗೆ ಅದು ಕಾಣುವುದಿಲ್ಲ. ಜಾಂಬಿಯಾದ ಪಚ್ಚೆಯಲ್ಲಿ ಕಬ್ಬಿಣ ಹೆಚ್ಚಿರುವುದರಿಂದ ಕೊಂಚ ನೀಲಿ ಬೆರೆತ ಹಸಿರು ಬರುತ್ತದೆ. ಬ್ರೆಜಿಲ್, ಇಥಿಯೋಪಿಯಾದಿಂದಲೂ ಒಳ್ಳೆಯ ಚಿಕ್ಕ ಹರಳುಗಳು ಬರುತ್ತವೆ. ಮಿತ ಹಣದವರು ಮೊದಲು ಹುಡುಕಬೇಕಾದದ್ದು ಇವುಗಳಲ್ಲೇ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಬೆಳೆಸಿದ ಪಚ್ಚೆ ತೆಗೆದುಕೊಂಡರೆ ತಪ್ಪೇ? ‘ಹೈಡ್ರೊ ಪಚ್ಚೆ’ ಎಂದರೂ ಅದೇ ಅಲ್ಲವೇ?

ಉತ್ತರ: ಬೆಳೆಸಿದ್ದು ಎಂದು ಹೇಳಿಯೇ ಮಾರಿದರೆ ಯಾವ ತಪ್ಪೂ ಇಲ್ಲ. ಅದೂ ಬೆರಿಲ್ಲೇ, ಗಡಸುತನವೂ ಅದೇ. ಕರಗಿದ ಲವಣದಲ್ಲೋ ಒತ್ತಡದ ಬಿಸಿನೀರಿನಲ್ಲೋ ನಿಧಾನವಾಗಿ ಬೆಳೆಸುತ್ತಾರೆ. ಎರಡನೆಯ ವಿಧಾನದ ಹೆಸರು ಹೈಡ್ರೊಥರ್ಮಲ್. ಮೋಸ ನುಗ್ಗುವುದು ಈ ಹೆಸರಿನ ಬಾಲ ಕತ್ತರಿಸಿದಾಗ. ಬರೀ ‘ಹೈಡ್ರೊ’ ಎಂದು ಮಾರುವುದು ಎಷ್ಟೋ ಸಲ ಹಸಿರು ಗಾಜು. ಲೂಪಿನಲ್ಲಿ ಗುಂಡನೆಯ ಗುಳ್ಳೆಗಳು, ಸವೆದು ಮೊಂಡಾದ ಅಂಚುಗಳು ಕಂಡರೆ ಗಾಜು ಎನ್ನಲು ಹಿಂಜರಿಯಬೇಕಿಲ್ಲ.

ಎರಡು ಬಣ್ಣವಿಲ್ಲದ ತುಂಡುಗಳ ನಡುವೆ ಹಸಿರು ಅಂಟು ಬಳಿದು ಜೋಡಿಸಿದ ಹರಳುಗಳೂ ಇವೆ. ಬಿಳಿ ಬಟ್ಟಲಿನ ನೀರಿನಲ್ಲಿ ಹಾಕಿ ಪಕ್ಕದಿಂದ ನೋಡಿ: ಮೇಲೂ ಕೆಳಗೂ ನೀರಿನ ಬಣ್ಣ, ನಡುವೆ ಮಾತ್ರ ಹಸಿರು ಗೆರೆ. ಉಂಗುರದಲ್ಲಿ ಕೂರಿಸಿದ ಮೇಲೆ, ಅದರಲ್ಲೂ ಹಿಂಬದಿ ಮುಚ್ಚಿದ್ದರೆ, ಇದು ಕಾಣುವುದೇ ಇಲ್ಲ. ಹರಳನ್ನು ಬಿಡಿಯಾಗಿ ಕೊಳ್ಳಿ ಎನ್ನುವುದು ಇದಕ್ಕೇ.

ಚೆಲ್ಸಿ ಫಿಲ್ಟರ್ ಎಂಬ ಗಾಜಿನಲ್ಲಿ ಕೆಂಪಾಗಿ ಕಂಡರೆ ಅಸಲಿ ಎಂಬ ಮಾತನ್ನು ನಂಬಬೇಡಿ. ಕೊಲಂಬಿಯಾದ್ದು ಕೆಂಪಾಗುತ್ತದೆ, ಬೆಳೆಸಿದ್ದು ಇನ್ನೂ ಕೆಂಪಾಗುತ್ತದೆ, ಜಾಂಬಿಯಾದ ಅಸಲಿ ಹರಳು ಎಷ್ಟೋ ವೇಳೆ ಹಸಿರಾಗಿಯೇ ಉಳಿಯುತ್ತದೆ.

ಪ್ರಶ್ನೆ: ಪಚ್ಚೆಯ ಬದಲು ಬೇರೆ ಹಸಿರು ಹರಳು?

ಉತ್ತರ: ಸಾವೊರೈಟ್ ಗಾರ್ನೆಟ್ ನೋಡಿ. ಎಣ್ಣೆಯ ಗೊಡವೆಯಿಲ್ಲ, ಹೊಳಪು ಪಚ್ಚೆಗಿಂತ ಹೆಚ್ಚು, ಆದರೆ ದೊಡ್ಡದು ಸಿಗುವುದು ಕಷ್ಟ. ಕ್ರೋಮ್ ಡಯೊಪ್ಸೈಡ್ ಅಗ್ಗ, ಬಣ್ಣವೂ ಚೆಂದ. ವಜ್ರಕ್ಕೆ 10 ಕೊಡುವ ಮೋಹ್ಸ್ ಅಳತೆಯಲ್ಲಿ ಗಡಸುತನ 5.5ರಿಂದ 6.5ರಷ್ಟೇ ಇರುವುದರಿಂದ ಉಂಗುರದಲ್ಲಿ ಬೇಗ ಗೀಚಿಹೋಗುತ್ತದೆ. ಪಚ್ಚೆಯೇ ಬೇಕು, ಹಣ ಮಾತ್ರ ಸಾಲದು ಎಂದಾದರೆ ನುಣ್ಣಗೆ ಗುಂಡಾಗಿ ಸಾಣೆ ಹಿಡಿದ ಕ್ಯಾಬೋಶಾನ್ ಕೇಳಿ. ಒಳಗಿನ ಪಾಚಿ ಅಲ್ಲಿ ಅಂದವೇ.

ಪ್ರಶ್ನೆ: ಹರಳು ಕೊಂಡಾಯಿತು, 7×5 ಮಿ.ಮೀ. ಉಂಗುರ ಮಾಡುವವರಿಗೆ ಏನೇನು ಹೇಳಬೇಕು?

ಉತ್ತರ: ಮೊದಲ ಮಾತು: ಬೆಸುಗೆ, ಅಳತೆ ಹೊಂದಿಸುವುದು, ಆಮ್ಲದಲ್ಲಿ ತೊಳೆಯುವುದು ಎಲ್ಲ ಮುಗಿದ ಮೇಲೆಯೇ ಹರಳು ಉಂಗುರಕ್ಕೆ ಹೋಗಬೇಕು. ಹರಳಿದ್ದಾಗ ಬೆಂಕಿ ತಾಗಿದರೆ ಎಣ್ಣೆ ಬೆವರಿದಂತೆ ಹೊರಬರುತ್ತದೆ, ಸೀಳು ಹಿಗ್ಗುತ್ತದೆ, ಹರಳು ಎರಡಾಗಲೂಬಹುದು. ಮುಂದೆ ಎಂದಾದರೂ ಉಂಗುರ ಬಿಗಿಯಾಗಿ ಅಳತೆ ಬದಲಿಸಬೇಕಾದರೂ ಹರಳು ಬಿಚ್ಚಿಸಿಯೇ ಮಾಡಿಸಿ.

ಎರಡನೆಯದು ಹಿಡಿತ. ಪಚ್ಚೆಯ ಗಡಸುತನ 7.5ರಿಂದ 8. ಅಂದರೆ ಸುಲಭಕ್ಕೆ ಗೀರು ಬೀಳದು. ಆದರೆ ಗೀರು ತಡೆಯುವುದು ಬೇರೆ, ಏಟು ತಡೆಯುವುದು ಬೇರೆ. ಎರಡನೆಯದರಲ್ಲಿ ಪಚ್ಚೆ ಬಡಪಾಯಿ. ಸುತ್ತಲೂ ಲೋಹದ ಪಟ್ಟಿ ಅಪ್ಪಿಕೊಳ್ಳುವ ಬೆಜೆಲ್ ಕಟ್ಟು ದಿನಬಳಕೆಗೆ ಎಲ್ಲಕ್ಕಿಂತ ಸುರಕ್ಷಿತ. ಪಟ್ಟಿ ತೆಳುವಾಗಿದ್ದರೆ ಕಡಿಮೆ ಒತ್ತಡದಲ್ಲಿ ಮಡಚಬಹುದು. ದಪ್ಪ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಮಡಚುವಾಗಲೇ ಎಷ್ಟೋ ಪಚ್ಚೆಗಳ ಮೂಲೆ ಹಾರುವುದು. ಹರಳನ್ನು ಹಿಡಿಯುವ ಲೋಹದ ಕೊಂಡಿಗಳಾದ ಪ್ರಾಂಗ್ ಇಷ್ಟವಾದರೆ ಮೂಲೆಗಳನ್ನು ಅಗಲವಾಗಿ ತಬ್ಬುವಂಥ ನಾಲ್ಕು ಬೇಕು. ಸೂಜಿಮೊನೆಯಂಥವು ಬೇಡ.

ಹರಳು ಕೂರುವ ತೋಡು ಅದರ ಕೆಳಗಿನ ಇಳಿಜಾರಿಗೆ ಸರಿಯಾಗಿ ಹೊಂದಬೇಕು. ಒಂದೇ ಬಿಂದುವಿನ ಮೇಲೆ ಕುಳಿತ ಹರಳು ಮೇಲಿಂದ ಒತ್ತಿದಾಗ ಅಲ್ಲೇ ಸೀಳುತ್ತದೆ. ಆಳವನ್ನೂ ತಿಳಿಸಿ: 3.3 ಮಿ.ಮೀ. ಆಳದ ಹರಳಿನ ತುದಿ ಬೆರಳಿಗೆ ಚುಚ್ಚದಂತೆ ಕೆಳಗೆ ಸ್ವಲ್ಪ ಜಾಗ ಬಿಡಬೇಕು, ಹಾಗೆಂದು ಗೋಪುರದಂತೆ ಎತ್ತರಿಸಲೂಬಾರದು. ಹಿಂಬದಿ ತೆರೆದಿರಲಿ, ಬೆಳಕೂ ಬರುತ್ತದೆ, ತೊಳೆಯಲೂ ಅನುಕೂಲ.

ಪ್ರಶ್ನೆ: ಎರಡು ವರ್ಷ ಹಾಕಿದ ಉಂಗುರವನ್ನು ಯಂತ್ರದಲ್ಲಿ ತೊಳೆಸಿದೆ. ಈಗ ಹರಳಿನೊಳಗೆ ಬಿಳಿ ಗೆರೆಗಳು ಎದ್ದಿವೆ. ಹರಳು ಒಡೆಯಿತೇ?

ಉತ್ತರ: ಬಹುಶಃ ಇಲ್ಲ. ಅಲ್ಟ್ರಾಸೋನಿಕ್ ಯಂತ್ರದ ಕಂಪನ ಎಣ್ಣೆಯನ್ನು ಹೊರಹಾಕಿದೆ, ಮೊದಲೇ ಇದ್ದ ಸೀಳುಗಳು ಈಗ ಮುಖ ತೋರಿಸಿವೆ. ಇದೇ ಕಂಪನ ಸೀಳನ್ನು ಬೆಳೆಸುವುದೂ ಉಂಟು, ಹಾಗಾಗಿ ಹರಳು ಬಲ್ಲವರಿಂದ ಲೂಪಿನಲ್ಲಿ ಒಮ್ಮೆ ನೋಡಿಸಿ. ಸೀಳು ಬೆಳೆದಿಲ್ಲವಾದರೆ ಹರಳು ಬಿಚ್ಚಿ, ಹಳೆಯ ಎಣ್ಣೆಯ ಉಳಿಕೆ ತೆಗೆದು, ನಿರ್ವಾತದಲ್ಲಿಟ್ಟು ಬಣ್ಣವಿಲ್ಲದ ಸೀಡರ್ ಎಣ್ಣೆ ಮತ್ತೆ ಕುಡಿಸಬಹುದು. ಮನೆಯಲ್ಲಿ ಅಡುಗೆ ಎಣ್ಣೆ ಸವರುವ ಉಪಾಯ ಬೇಡ. ಅದು ಸೀಳಿನ ಆಳಕ್ಕೆ ಇಳಿಯದೆ ಬಾಯಲ್ಲೇ ಜಿಡ್ಡುಗಟ್ಟಿ ಧೂಳು ಹಿಡಿಯುತ್ತದೆ.

ಇನ್ನು ಮುಂದೆ ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆ ಬ್ರಷ್, ಅರ್ಧ ನಿಮಿಷ ಸಾಕು. ಹಬೆ, ಬ್ಲೀಚ್, ಉಗುರುಬಣ್ಣ ತೆಗೆಯುವ ದ್ರಾವಣ ಬೇಡ. ಸ್ಯಾನಿಟೈಸರ್ ಹಚ್ಚುವಾಗಲೂ ಉಂಗುರ ತೆಗೆದಿಡಿ. ಪೆಟ್ಟಿಗೆಯಲ್ಲಿ ವಜ್ರದ ಒಡವೆಯ ಜೊತೆ ಇಡದೆ ಬೇರೆ ಬಟ್ಟೆಚೀಲದಲ್ಲಿಡಿ.