ಶೂಲ, ಶಿಲುಬೆ, ಗಲ್ಲು: ಒಂದೇ ಶಿಕ್ಷೆಯ ಮೂರು ಹೆಸರೇ?

ಪ್ರಶ್ನೆ: ಹಳೆಯ ಕಥೆಗಳಲ್ಲಿ ‘ಶೂಲಕ್ಕೇರಿಸಿದರು’ ಎಂದು ಬರುತ್ತದೆ. ಇದು ಗಲ್ಲೋ, ಶಿಲುಬೆಯೋ?

ಉತ್ತರ: ಎರಡೂ ಅಲ್ಲ. ಗಲ್ಲಿನಲ್ಲಿ ಕೊಲ್ಲುವುದು ಕುತ್ತಿಗೆಯ ಹಗ್ಗ. ಶಿಲುಬೆಯಲ್ಲಿ ದೇಹವನ್ನು ಮರಕ್ಕೆ ಕಟ್ಟಿ ಅಥವಾ ಮೊಳೆ ಹೊಡೆದು ನೇತುಹಾಕುತ್ತಾರೆ. ಶೂಲವೆಂದರೆ ಮೊನೆ ಮಾಡಿದ ಗೂಟ. ಅದು ದೇಹದೊಳಕ್ಕೇ ಇಳಿಯುತ್ತದೆ. ಹೊಟ್ಟೆನೋವಿಗೆ ‘ಶೂಲೆ’ ಅನ್ನುವುದೂ ಈ ಪದದಿಂದಲೇ. ಮಹಾಭಾರತದಲ್ಲಿ ಮಾಂಡವ್ಯ ಋಷಿಯನ್ನು ಕಳ್ಳನೆಂದು ತಪ್ಪು ತಿಳಿದು ಶೂಲಕ್ಕೇರಿಸುತ್ತಾರೆ. ಗೂಟ ಕೀಳಲಾಗದೆ ಕತ್ತರಿಸಿದ್ದರಿಂದ ಅದರ ತುದಿ, ಅಂದರೆ ‘ಅಣಿ’, ಒಳಗೇ ಉಳಿಯಿತು; ಆತ ಅಣಿಮಾಂಡವ್ಯನಾದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಈ ದಂಡನೆಯಿದೆ.

ಇದು ಭಾರತದ್ದಷ್ಟೇ ಅಲ್ಲ. ಬ್ಯಾಬಿಲೋನಿನ ಹಮ್ಮುರಾಬಿ ಸಂಹಿತೆಯ 153ನೇ ನಿಯಮ, ಪರಪುರುಷನಿಗಾಗಿ ಗಂಡನನ್ನು ಕೊಲ್ಲಿಸಿದವಳಿಗೆ ಶೂಲ ವಿಧಿಸುತ್ತದೆ. ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ದೊರೆ ಸೆನ್ನಾಕೆರಿಬ್ ಯೆಹೂದ ರಾಜ್ಯದ ಲಾಕೀಶ್ ನಗರವನ್ನು ಗೆದ್ದ. ಅದರ ಉಬ್ಬುಶಿಲ್ಪ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಲ್ಲಿ ಮೂವರು ಬೆತ್ತಲೆ ಬಂದಿಗಳ ಪಕ್ಕೆಲುಬಿನ ಕೆಳಗೆ ಗೂಟ ಹೊಕ್ಕಿದೆ. ಹೀಗೆ ಎದೆಗೆ ಹೊಕ್ಕರೆ ಸಾವು ಬೇಗ ಬರುತ್ತದೆ. ಕೆಳಗಿನಿಂದ ಬೆನ್ನಿನುದ್ದಕ್ಕೆ ಏರಿದರೆ ಗಂಟೆಗಟ್ಟಲೆ ನರಳಾಟ. ನಗರದ ಎದುರಿಗೇ, ಎಲ್ಲರಿಗೂ ಕಾಣುವಂತೆ ನೆಡುತ್ತಿದ್ದುದರಲ್ಲೇ ಇದರ ಉದ್ದೇಶ ತಿಳಿಯುತ್ತದೆ: ಸತ್ತವನಿಗಿಂತ ನೋಡುವವನಿಗೆ ಈ ಶಿಕ್ಷೆ.

ಓದುವಾಗ ಒಂದು ಎಚ್ಚರ ಬೇಕು. ಪ್ರಾಚೀನ ಗ್ರೀಕರು ಶೂಲಕ್ಕೂ ಶಿಲುಬೆಗೂ, ಕೊಂದ ಮೇಲೆ ಹೆಣವನ್ನು ಕಂಬಕ್ಕೇರಿಸುವುದಕ್ಕೂ ಒಂದೇ ಕ್ರಿಯಾಪದ ಬಳಸಿದ್ದುಂಟು. ಹಾಗಾಗಿ ಅನುವಾದದಲ್ಲಿ ‘ಶಿಲುಬೆ’ ಎಂದಿದ್ದ ಮಾತ್ರಕ್ಕೆ ಮೂಲದಲ್ಲಿ ಶಿಲುಬೆಯೇ ಇತ್ತು ಎಂದುಕೊಳ್ಳಬೇಡಿ.

ಪ್ರಶ್ನೆ: ಡ್ರಾಕುಲಾ 20,000 ಜನರನ್ನು ಶೂಲಕ್ಕೇರಿಸಿದ್ದು ನಿಜವೇ?

ಉತ್ತರ: ಡ್ರಾಕುಲಾ ಎಂದು ಹೆಸರಾದವನು ವಲಾಕಿಯದ (ಇಂದಿನ ರೊಮೇನಿಯದ ಭಾಗ) ಅರಸ 3ನೇ ವ್ಲಾಡ್. ಅವನು ಶೂಲಕ್ಕೇರಿಸುತ್ತಿದ್ದುದು ನಿಜ, ‘ತ್ಸೆಪೆಷ್’ ಎಂಬ ಅಡ್ಡಹೆಸರಿನ ಅರ್ಥವೇ ಶೂಲಕ್ಕೇರಿಸುವವ. 20,000 ಎಂಬ ಲೆಕ್ಕ ಕೊಟ್ಟವನು ಗ್ರೀಕ್ ಇತಿಹಾಸಕಾರ ಖಾಲ್ಕೊಕೊಂಡಿಲೀಸ್. 1462ರಲ್ಲಿ ದಂಡೆತ್ತಿ ಬಂದ ಒಟ್ಟೋಮನ್ ತುರ್ಕರ ಸುಲ್ತಾನ 2ನೇ ಮೆಹ್ಮದ್ ಸುಮಾರು 3 ಕಿ.ಮೀ. ಉದ್ದದ ಶೂಲಗಳ ಕಾಡನ್ನೇ ಕಂಡನೆಂದು ಅವನು ಬರೆದಿದ್ದಾನೆ. ಆದರೆ ಈ ಇತಿಹಾಸಕಾರ ಅದನ್ನು ಕಣ್ಣಾರೆ ಕಂಡವನಲ್ಲ. ಅದೇ ವರ್ಷ ವ್ಲಾಡ್ ಹಂಗೆರಿಯ ದೊರೆಗೆ ಬರೆದ ಪತ್ರದಲ್ಲಿ 23,884 ಎಂಬ ಸಂಖ್ಯೆಯಿದೆ. ಅದು ವ್ಲಾಡ್ ತಾನೇ ತುರ್ಕರ ಮೇಲೆ ಮಾಡಿದ ದಾಳಿಯಲ್ಲಿ ಕೊಂದವರ ಲೆಕ್ಕ, ಶೂಲಕ್ಕೇರಿಸಿದವರದ್ದಲ್ಲ. ಇವೆರಡನ್ನೂ ಬೆರೆಸಿ ಹೇಳುವುದು ತಪ್ಪು.

ಪ್ರಶ್ನೆ: ಆಧುನಿಕ ಕಾಲದಲ್ಲೂ ಇದು ನಡೆದಿತ್ತೇ?

ಉತ್ತರ: ನಡೆದಿತ್ತು. 1800ರ ಜೂನ್‌ನಲ್ಲಿ, ಈಜಿಪ್ಟ್ ಫ್ರೆಂಚರ ವಶದಲ್ಲಿದ್ದಾಗ, ಫ್ರೆಂಚ್ ಜನರಲ್ ಕ್ಲೇಬರ್‌ನನ್ನು ಕೊಂದ ಸುಲೇಮಾನ್ ಅಲ್-ಹಲಬಿಯನ್ನು ಕೈರೋದಲ್ಲಿ ಬಲಗೈ ಸುಟ್ಟು ಶೂಲಕ್ಕೇರಿಸಿದರು. ತೀರ್ಪು ಕೊಟ್ಟದ್ದು ಫ್ರೆಂಚ್ ಸೇನೆಯ ನ್ಯಾಯಮಂಡಳಿ.