ಮನೆಯಲ್ಲೇ ಹೋಳಿಗೆ ಮಾಡಿ ಮಾರುವವರು ಆದಾಯ ತೆರಿಗೆ ಉಳಿಸುವುದು ಹೇಗೆ?

ದುಡ್ಡನ್ನು ಆದಷ್ಟು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಪಡೆಯಿರಿ, ರಿಟರ್ನ್ಸ್ ಹಾಕುವಾಗ ಅಂದಾಜು ಲಾಭದ ಪದ್ಧತಿ ಆರಿಸಿಕೊಳ್ಳಿ. 1961ರ ಕಾಯ್ದೆಯಲ್ಲಿ ಇದು ಸೆಕ್ಷನ್ 44ಎಡಿ.

ವಹಿವಾಟು ವರ್ಷಕ್ಕೆ 2 ಕೋಟಿ ರೂಪಾಯಿಯೊಳಗಿದ್ದರೆ ಸಾಕು. ನಗದಾಗಿ ಬಂದದ್ದರಲ್ಲಿ ಕನಿಷ್ಠ ಶೇ 8, ಬ್ಯಾಂಕಿಗೆ ಬಂದದ್ದರಲ್ಲಿ ಕನಿಷ್ಠ ಶೇ 6 ಲಾಭ ತೋರಿಸಬೇಕು. 20 ಲಕ್ಷದ ಹೋಳಿಗೆ ಮಾರಿದ್ದೀರಿ ಅಂತಿಟ್ಟುಕೊಳ್ಳಿ. ಎಲ್ಲ ನಗದಾದರೆ 1.6 ಲಕ್ಷ, ಎಲ್ಲ ಯುಪಿಐ ಆದರೆ 1.2 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ಎರಡಕ್ಕೂ ತೆರಿಗೆ ಸೊನ್ನೆಯೇ. ಸಂಬಳವೋ ಬಾಡಿಗೆಯೋ ಜೊತೆಗಿದ್ದರೆ ಆ 40 ಸಾವಿರದ ಅಂತರ ಗೊತ್ತಾಗುತ್ತದೆ. ಬೇಳೆ, ಬೆಲ್ಲ, ಸಿಲಿಂಡರ್ ಬಿಲ್ ಜೋಡಿಸಿಡುವ ತಲೆನೋವಿಲ್ಲ, ಆ ಖರ್ಚೆಲ್ಲ ಈ ಲೆಕ್ಕದಲ್ಲೇ ಸೇರಿಹೋಯಿತು. ಹಾಗಂತ ನಿಜವಾದ ಲಾಭ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಬೇಕು.

2025ರಲ್ಲಿ ಜಿಎಸ್‌ಟಿ ನೋಟಿಸ್‌ಗೆ ಹೆದರಿ ಬೆಂಗಳೂರಿನ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಚೀಟಿ ಅಂಟಿಸಿದರು. ಆದರೆ ಜಿಎಸ್‌ಟಿ ನೋಂದಣಿಯ ಮಿತಿಗೆ ನಗದು ಮಾರಾಟವೂ ಸೇರುತ್ತದೆ. ಸುಮ್ನೆ ಶೇ 6ರ ಅನುಕೂಲ ಕಳೆದುಕೊಂಡಂತೆ, ಅಲ್ವಾ?

ಕಮಿಷನ್ ವ್ಯಾಪಾರದಂಥ ಕೆಲವಕ್ಕೆ ಈ ಪದ್ಧತಿ ಸಿಗುವುದಿಲ್ಲ.