ಕೆಂಪಿರುವೆ ಚಟ್ನಿ ತಿನ್ನಬಹುದಾ?

ಪ್ರಶ್ನೆ: ತುಮಕೂರಿನವಳು, ಮದುವೆಯಾಗಿ ಮೂಡಿಗೆರೆ ಕಡೆ ಬಂದಿದ್ದೇನೆ. ಇಲ್ಲಿ ಕೆಂಪಿರುವೆ ಹಿಡಿದು ಚಟ್ನಿ ಅರೆಯುತ್ತಾರೆ! ತಿನ್ನಬಹುದಾ? ಬೇಡ ಅಂದ್ರೆ ಅತ್ತೆಗೆ ಬೇಜಾರಾಗುತ್ತಾ?

ಉತ್ತರ: ಧಾರಾಳವಾಗಿ ತಿನ್ನಬಹುದು. ಅದು ಚಗಳಿ, ಮಲೆನಾಡಿನ ಹಳೇ ರುಚಿ. ತೋಟದ ಮರಗಳಲ್ಲಿ ಈ ಇರುವೆಗಳು ಹಸಿರೆಲೆಗಳನ್ನು ತಮ್ಮ ಮರಿಹುಳದ ನೂಲಿನಿಂದ ಅಂಟಿಸಿ ಕಟ್ಟಿದ ಗೂಡುಗಳನ್ನು ನೋಡಿರುತ್ತೀರಿ. ಅದನ್ನು ಕೊಂಬೆ ಸಮೇತ ಇಳಿಸುವವರಿಗೆ ಕತ್ತು, ಕಂಕುಳೆಲ್ಲ ಕಚ್ಚಿಸಿಕೊಳ್ಳುವ ಭಾಗ್ಯ, ಪಾಪ! ಆಮೇಲೆ ಇರುವೆ, ಬಿಳಿ ಮೊಟ್ಟೆ ಎಲ್ಲ ಬಾಣಲೆಗೆ ಹಾಕಿ ಹುರಿದು, ಸೂಜಿಮೆಣಸು, ಬೆಳ್ಳುಳ್ಳಿ, ಕಾಯಿ, ಉಪ್ಪು ಸೇರಿಸಿ ಅರೆಯುತ್ತಾರೆ. ಹುಣಸೆಹಣ್ಣು ಬೇಕಾಗಿಲ್ಲ, ಇರುವೆಯ ಫಾರ್ಮಿಕ್ ಆಮ್ಲವೇ ಹುಳಿ ಕೊಡುತ್ತದೆ. ಬಿಸಿ ಅಕ್ಕಿರೊಟ್ಟಿಗೆ ಒಂಚೂರು ನೆಂಚಿಕೊಂಡು ನೋಡಿ.

ಸೀಗಡಿ, ಏಡಿ ತಿಂದರೆ ಮೈ ತುರಿಸುತ್ತದಾ? ಹಾಗಿದ್ದರೆ ಬೇಡ. ಕೀಟಗಳೂ ಅದೇ ತರ ಅಲರ್ಜಿ ಮಾಡಬಹುದು. ಇದು ಶೀತಕ್ಕೆ ಮದ್ದು ಅಂತ ಯಾರಾದ್ರೂ ಹೇಳಿದರೆ, ನಾನಂತೂ ಅಷ್ಟು ನಂಬುವುದಿಲ್ಲ.

ಒಡಿಶಾದ ಸಿಮಿಲಿಪಾಲ್ 'ಕಾಯಿ' ಚಟ್ನಿಯೂ (ಇದು ತೆಂಗಿನಕಾಯಿ ಅಲ್ಲ, ಅಲ್ಲಿ ಕಾಯಿ ಅಂದ್ರೆ ಈ ಇರುವೆಯೇ) ಇದೇ ಜಾತಿಯ ಇರುವೆಯದು, 2024ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಅಷ್ಟು ದೂರ ಯಾಕೆ, ನಮ್ಮ ಬಯಲುಸೀಮೆಯಲ್ಲೂ ಮಳೆ ಬಿದ್ದಾಗ ಏಳುವ ಈಸಲು ಹುಳ ಹುರಿದು ತಿನ್ನುವವರು ಇದ್ದಾರಲ್ವಾ?

ಮನಸ್ಸು ಒಪ್ಪದಿದ್ದರೆ ಸುಮ್ನೆ 'ನಂಗೆ ಬೇಡ ಅತ್ತೆ' ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಟ್ಟೆ ಮುಂದೆ ಕೂತು 'ಛೀ' ಅಂದ್ರೆ ಮಾತ್ರ ನಾನು ಜವಾಬ್ದಾರನಲ್ಲ.